ಹಳಗನ್ನಡವೋ, ಸಂಸ್ಕೃತವೋ, ಓಲೆಗ್ರಂಥವೋ, ಶಾಸನವೋ? ಕಾಸರಗೋಡಿನವರು ಆರಿಸಿಕೊಳ್ಳುವ ಮೊದಲು

ಹಳೆಯ ಕಾವ್ಯ ಓದಬೇಕು, ಹಳೆಯ ಲಿಪಿ ಕಲಿಯಬೇಕು ಎಂಬ ಆಸೆ ಇರುವವರು ನಮ್ಮ ಕಡೆ ಕಡಿಮೆ ಏನಿಲ್ಲ. ತಾಳಮದ್ದಳೆಯಲ್ಲಿ ಅರ್ಥ ಹೇಳುವವರು ಕೇಳುತ್ತಾರೆ. ಅಟ್ಟದ ಮೇಲೆ ತಾಳೆಗರಿಯ ಓಲೆಯ ಕಟ್ಟು ಸಿಕ್ಕಿದವರು ಕೇಳುತ್ತಾರೆ. ಪೆನ್ಶನ್ ಆದ ಮಾಸ್ಟ್ರುಗಳು, ಡಿಗ್ರಿ ಮುಗಿಸಿ ಮುಂದೇನು ಎಂದು ಕೂತ ಮಕ್ಕಳು ಕೇಳುತ್ತಾರೆ. ಯಾವುದರಿಂದ ಶುರು ಮಾಡುವುದು? ಹಳಗನ್ನಡವೋ, ಸಂಸ್ಕೃತವೋ, ತುಳು ಲಿಪಿಯೋ, ಶಾಸನವೋ?

ಮೈಸೂರಿನಲ್ಲೋ ಧಾರವಾಡದಲ್ಲೋ ಕೊಡುವ ಉತ್ತರ ಇಲ್ಲಿಗೆ ಪೂರ್ತಿ ಹೊಂದುವುದಿಲ್ಲ. ಇಲ್ಲಿ ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ ಅಥವಾ ಮರಾಟಿ. ಶಾಲೆಯಲ್ಲಿ ಕನ್ನಡ. ಬಸ್ಸಿನಲ್ಲಿ, ಆಫೀಸಿನಲ್ಲಿ ಮಲಯಾಳ. ಸಾಮಾನ್ಯವಾಗಿ ಇದನ್ನು ನಾವು ತೊಂದರೆ ಎಂದೇ ಹೇಳಿಕೊಳ್ಳುತ್ತೇವೆ. ಹಳೆಯ ಭಾಷೆಗಳ ವಿಷಯಕ್ಕೆ ಬಂದಾಗ ಮಾತ್ರ ಇದು ಬಂಡವಾಳ. ಆ ಬಂಡವಾಳ ನಿಮ್ಮಲ್ಲಿ ಯಾವ ಬಗೆಯದು ಇದೆ ಎಂದು ನೋಡಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಯಾವುದನ್ನು ನೋಡಿ ಆರಿಸುವುದು?

ಮೊದಲನೆಯದು, ನಿಮಗೆ ಇದು ಯಾಕೆ ಬೇಕು ಎಂಬುದು. ಓದಿನ ಸುಖಕ್ಕೋ, ಪರೀಕ್ಷೆ ಅಥವಾ ಕೆಲಸಕ್ಕೋ, ಮನೆಯ ಗ್ರಂಥ ಓದಲಿಕ್ಕೋ, ಊರಿನ ಚರಿತ್ರೆ ತಿಳಿಯಲಿಕ್ಕೋ? ‘ಎಲ್ಲದಕ್ಕೂ’ ಎಂದರೆ ಯಾವುದಕ್ಕೂ ಅಲ್ಲ ಎಂದೇ ಅರ್ಥ.

ಎರಡನೆಯದು, ಈಗಾಗಲೇ ಕಿವಿಗೆ, ಕಣ್ಣಿಗೆ ರೂಢಿಯಾದದ್ದು ಏನು? ಮಲಯಾಳ ಅಕ್ಷರ ಓದಲು ಬರುತ್ತದೋ? ಯಕ್ಷಗಾನದ ಪದ ಬಾಯಿಗೆ ಬರುತ್ತದೋ? ಪೂಜೆ ಪುನಸ್ಕಾರದ ಮಂತ್ರ ಕಲಿತವರೋ?

ಮೂರನೆಯದು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯ. ನೀವು ತಪ್ಪು ಓದಿದಾಗ ‘ಅದು ಹಾಗಲ್ಲ’ ಎನ್ನುವವರು ಹತ್ತಿರ ಇದ್ದಾರೆಯೇ? ಪುಸ್ತಕ ಈಗ ಎಲ್ಲರಿಗೂ ಸಿಗುತ್ತದೆ. ತಿದ್ದುವ ಮನುಷ್ಯ ಸಿಗುವುದು ಕಷ್ಟ. ಹಳೆಯ ಪಠ್ಯದಲ್ಲಿ ತಪ್ಪು ಓದಿದರೂ ಏನೋ ಒಂದು ಅರ್ಥ ಬಂದುಬಿಡುತ್ತದೆ. ಹಾಗಾಗಿ ತಪ್ಪಿದ್ದು ಗೊತ್ತೇ ಆಗುವುದಿಲ್ಲ.

ಇನ್ನು ಸಮಯ, ಹಣ. ದಿನಕ್ಕೆ ಅರ್ಧ ಗಂಟೆ ಇರುವವರಿಗೂ ಎರಡು ವರ್ಷ ಪೂರ್ತಿ ಕೊಡಬಲ್ಲವರಿಗೂ ದಾರಿ ಬೇರೆ. ಹಣದ ಖರ್ಚು ಈ ವಿದ್ಯೆಗಳಲ್ಲಿ ಅಷ್ಟೇನೂ ದೊಡ್ಡದಲ್ಲ. ಓಡಾಟದ ಖರ್ಚೇ ಜಾಸ್ತಿ.

ಹಳಗನ್ನಡ ಕಾವ್ಯ

ಕನ್ನಡ ಶಾಲೆಯಲ್ಲಿ ಕಲಿತ ಹೆಚ್ಚಿನವರಿಗೆ ನಾನು ಮೊದಲು ಹೇಳುವುದು ಇದನ್ನೇ. ಲಿಪಿ ಹೊಸತಲ್ಲ. ವ್ಯಾಕರಣದ ಅರ್ಧ ಗೊತ್ತಿರುವುದೇ. ಮೊದಲ ತಿಂಗಳಲ್ಲೇ ಒಂದಿಷ್ಟು ಓದಿದೆ ಎಂಬ ಸಮಾಧಾನ ಸಿಗುತ್ತದೆ.

ನಮ್ಮವರಿಗೆ ಇಲ್ಲಿ ಒಂದು ಅನುಕೂಲ ಇದೆ. ಹಳಗನ್ನಡದಲ್ಲಿ ಇಂದಿನ ‘ಹ’ ಇರುವ ಎಷ್ಟೋ ಕಡೆ ‘ಪ’ ಇತ್ತು. ಪಾಲ್, ಪುಲಿ, ಪೊಸ. ಬೆಂಗಳೂರಿನ ಹುಡುಗ ಇದನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಬೇಕು. ನಿಮಗೆ ಪೊಸ ಮನೆಯ ತುಳುವಿನಲ್ಲೇ ಇದೆ, ಪಾಲು ಪುಲಿ ಮಲಯಾಳದಲ್ಲಿವೆ. ಹಾಗೆಯೇ ಕನ್ನಡದಿಂದ ಮರೆಯಾದ ೞ ಅಕ್ಷರ. ಅದನ್ನು ಹೇಗೆ ಉಚ್ಚರಿಸುವುದು ಎಂದು ಕ್ಲಾಸಿನಲ್ಲಿ ವಿವರಿಸುವುದು ಕಷ್ಟ. ಮಲಯಾಳದಲ್ಲಿ ಮಳೆ, ಕೋಳಿ ಹೇಳುವುದನ್ನು ಕೇಳಿದವರಿಗೆ ವಿವರಣೆ ಬೇಡ.

ಇನ್ನೊಂದು ಅನುಕೂಲ ಯಕ್ಷಗಾನ. ಪಾರ್ತಿಸುಬ್ಬನ ಕುಂಬಳೆ ಸೀಮೆ ಇದು. ಪ್ರಸಂಗದ ಪುಸ್ತಕ ತೆರೆದರೆ ಕಂದ, ವೃತ್ತ, ಭಾಮಿನಿ, ವಾರ್ಧಕ ಎಂದು ಪದ್ಯದ ತಲೆಯ ಮೇಲೆಯೇ ಬರೆದಿರುತ್ತದೆ. ಭಾಮಿನಿಯ ಮೂರು ನಾಲ್ಕರ ನಡೆ, ಅಂದರೆ 14 ಮಾತ್ರೆಯ ಸಾಲುಗಳೂ ಮೂರನೆಯ, ಆರನೆಯ ಸಾಲಿನ 23 ಮಾತ್ರೆಯೂ, ಭಾಗವತರ ಬಾಯಲ್ಲಿ ಕೇಳಿ ಕೇಳಿ ನಿಮಗೆ ಗೊತ್ತಿರುತ್ತದೆ. ಲೆಕ್ಕ ಗೊತ್ತಿಲ್ಲದಿದ್ದರೂ ಎಲ್ಲಿ ತಪ್ಪಿತು ಎಂಬುದು ಗೊತ್ತಾಗುತ್ತದೆ, ಅಲ್ವಾ?

ಆದ ಕಾರಣ ನಮ್ಮವರು ಪಂಪನಿಂದ ಶುರು ಮಾಡಬೇಕಿಲ್ಲ. ಸಿಲೆಬಸ್‌ಗಳು ಕಾಲದ ಕ್ರಮ ಹಿಡಿದು ಹಿಂದಿನಿಂದ ಮುಂದಕ್ಕೆ ಬರುತ್ತವೆ. ನನ್ನ ಸಲಹೆ ಉಲ್ಟಾ. ಮೊದಲು ನಂದಳಿಕೆಯ ಮುದ್ದಣನ ‘ರಾಮಾಶ್ವಮೇಧ’. ಮುದ್ದಣ ತೀರಿಹೋದದ್ದು 1901ರಲ್ಲಿ. ಆದರೆ ಬರೆದದ್ದು ಹಳಗನ್ನಡದ ಧಾಟಿಯ ಗದ್ಯ. ಕರಾವಳಿಯವನೇ, ಯಕ್ಷಗಾನ ಪ್ರಸಂಗವನ್ನೂ ಬರೆದವನು. ಆಮೇಲೆ ಲಕ್ಷ್ಮೀಶ, ಕುಮಾರವ್ಯಾಸ. ಅಲ್ಲಿಂದ ರಾಘವಾಂಕನ ಹರಿಶ್ಚಂದ್ರ, ಹರಿಹರನ ರಗಳೆ. ಇಷ್ಟಾದ ಮೇಲೆ 10ನೇ ಶತಮಾನದ ‘ವಡ್ಡಾರಾಧನೆ’ಯ 19 ಕತೆಗಳಲ್ಲಿ ಎರಡು ಮೂರು. ಅದು ಗದ್ಯ, ಹಾಗಾಗಿ ಹಳಗನ್ನಡದ ವ್ಯಾಕರಣ ಬಿಡಿಬಿಡಿಯಾಗಿ ಕಾಣುತ್ತದೆ. ಪಂಪಭಾರತ ಕೊನೆಗೆ. 941ರ ಸುಮಾರಿಗೆ ಬರೆದ ಆ ಕಾವ್ಯದ ವೃತ್ತಗಳಿಗೆ ನೇರವಾಗಿ ಕೈ ಹಾಕಿ ‘ನಮಗಾಗುವುದಿಲ್ಲ’ ಎಂದು ಬಿಟ್ಟವರು ಬಹಳ ಮಂದಿ.

ಕಷ್ಟ ಎಲ್ಲಿ? ಸಂಸ್ಕೃತದ ಸಮಾಸಗಳಲ್ಲಿ. ಗದ್ಯ ಪದ್ಯ ಬೆರೆತ ಚಂಪೂ ಕಾವ್ಯದ ಉತ್ಪಲಮಾಲೆ, ಶಾರ್ದೂಲವಿಕ್ರೀಡಿತ ಎಂಬ ವೃತ್ತಗಳಲ್ಲಿ ಒಂದೊಂದು ಪದ ಒಂದೊಂದು ಸಾಲು ಉದ್ದ ಇರುತ್ತದೆ. ಸಂಧಿ, ಸಮಾಸ ಬಿಡಿಸಲು ಬರದವರಿಗೆ ಅದು ಸುಮ್ನೆ ಶಬ್ದದ ಗದ್ದಲ. ಪೂರ್ತಿ ಸಂಸ್ಕೃತ ಬೇಕಿಲ್ಲ, ಆದರೆ ಸ್ವಲ್ಪ ಬೇಕೇ ಬೇಕು.

ತಿದ್ದುವವರು? ಈ ವಿಷಯದಲ್ಲಿ ಹಳಗನ್ನಡವೇ ಮುಂದೆ. ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಕನ್ನಡ ಎಂ.ಎ. ಇದೆ. ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಕನ್ನಡ ವಿಭಾಗ ಇದೆ. ಗಡಿ ದಾಟಿದರೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ. ಕಾಲೇಜಿಗೆ ಹೋಗಲಾಗದವರು ಕನ್ನಡ ಸಾಹಿತ್ಯ ಪರಿಷತ್ತಿನ ಕಾವ, ಜಾಣ, ರತ್ನ ಪರೀಕ್ಷೆಗಳನ್ನು ಕಟ್ಟಬಹುದು. ಊರಲ್ಲಿ ಕಾವ್ಯವನ್ನು ರಾಗದಲ್ಲಿ ಓದುವ ಗಮಕಿಗಳೋ ಹಿರಿಯ ಅರ್ಥಧಾರಿಗಳೋ ಇದ್ದರೆ ವಾರಕ್ಕೊಮ್ಮೆ ಅವರ ಮುಂದೆ ಹತ್ತು ಪದ್ಯ ಓದಿ. ಅದು ಯಾವ ಕೋರ್ಸಿಗೂ ಕಡಿಮೆಯಲ್ಲ.

ಖರ್ಚು ತೀರ ಕಡಿಮೆ. 1894ರ ಕಿಟೆಲ್ ನಿಘಂಟು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಅರ್ಥ ಇಂಗ್ಲಿಷಿನಲ್ಲಿದೆ, ಅದೊಂದು ತೊಡಕು. ಪರಿಷತ್ತಿನ ಎಂಟು ಸಂಪುಟದ ದೊಡ್ಡ ನಿಘಂಟನ್ನು ಕೊಳ್ಳಲು ಹೋಗಬೇಡಿ, ಲೈಬ್ರರಿಯಲ್ಲಿ ನೋಡಿ. ಮನೆಗೆ ಸಂಕ್ಷಿಪ್ತ ನಿಘಂಟು ಸಾಕು.

ಕೆಲಸದ ದೃಷ್ಟಿಯಿಂದ ನೋಡಿದರೂ ಕನ್ನಡ ಎಂ.ಎ., ಆಮೇಲೆ ಕಾಲೇಜು ಅಧ್ಯಾಪಕರಾಗಲು ಬರೆಯುವ ನೆಟ್ ಪರೀಕ್ಷೆ ಎಂಬ ದಾರಿಯಲ್ಲಿ ಹಳಗನ್ನಡ ತಪ್ಪಿಸಿಕೊಳ್ಳುವಂತಿಲ್ಲ. ಕನ್ನಡ ಟೀಚರ್ ಆಗಬೇಕೆನ್ನುವವರು ಬೇರೆ ಏನನ್ನೂ ಯೋಚಿಸದೆ ಇದನ್ನೇ ಹಿಡಿಯಬಹುದು.

ಸಂಸ್ಕೃತ

ಕಲಿಕೆಯ ಏರ್ಪಾಡು ಅತ್ಯಂತ ಗಟ್ಟಿ ಇರುವುದು ಸಂಸ್ಕೃತಕ್ಕೆ. ಕೇರಳದ ಶಾಲೆಗಳಲ್ಲಿ ಸಂಸ್ಕೃತ ಟೀಚರ್‌ಗಳಿದ್ದಾರೆ. ನೀರ್ಚಾಲಿನ ಶಾಲೆಯ ಹೆಸರಿನಲ್ಲೇ ಇಂದಿಗೂ ‘ಮಹಾಜನ ಸಂಸ್ಕೃತ ಕಾಲೇಜು’ ಇದೆ. ದಕ್ಷಿಣಕ್ಕೆ ಹೋದರೆ ಪಯ್ಯನ್ನೂರಿನಲ್ಲಿ ಕಾಲಡಿಯ ಶ್ರೀ ಶಂಕರಾಚಾರ್ಯ ಸಂಸ್ಕೃತ ವಿಶ್ವವಿದ್ಯಾಲಯದ ಕೇಂದ್ರ. ಮನೆಯಲ್ಲೇ ಕೂತು ಕಲಿಯುವವರಿಗೆ ಸಂಸ್ಕೃತ ಭಾರತಿಯ ಅಂಚೆ ಪಾಠಗಳು ನಾಲ್ಕು ಹಂತದಲ್ಲಿವೆ: ಪ್ರವೇಶ, ಪರಿಚಯ, ಶಿಕ್ಷಾ, ಕೋವಿದ.

ಹತ್ತು ದಿನದ ಸಂಭಾಷಣ ಶಿಬಿರಗಳ ಬಗ್ಗೆ ಒಂದು ಮಾತು. ಹೋಗಿ, ಖುಷಿಯಾಗುತ್ತದೆ, ಭಯ ಹೋಗುತ್ತದೆ. ಆದರೆ ‘ಮಮ ನಾಮ’ ಹೇಳಲು ಬಂದವರು ಕಾಳಿದಾಸನನ್ನು ಓದಬಲ್ಲೆ ಅಂದುಕೊಳ್ಳಬೇಡಿ. ಮಾತಿನ ಸಂಸ್ಕೃತಕ್ಕೂ ಕಾವ್ಯದ ಸಂಸ್ಕೃತಕ್ಕೂ ನಡುವೆ ಒಂದೆರಡು ವರ್ಷದ ವ್ಯಾಕರಣ ಇದೆ. ಅಲ್ಲಿಯವರೆಗೆ ಸುಖ ಕಡಿಮೆ, ಬಾಯಿಪಾಠ ಜಾಸ್ತಿ. ತಾಳ್ಮೆ ಇಲ್ಲದವರು ನಡುವೆ ಕೈಬಿಡುತ್ತಾರೆ. ತಾಳಿಕೊಂಡವರಿಗೆ ಮಾತ್ರ ಹಳಗನ್ನಡ, ಓಲೆಗ್ರಂಥ, ಶಾಸನ ಮೂರರಲ್ಲೂ ಇದು ಉಪಯೋಗಕ್ಕೆ ಬರುತ್ತದೆ. ಇಪ್ಪತ್ತರ ವಯಸ್ಸಿನವರು, ಮುಂದೆ ಸಂಶೋಧನೆ ಮಾಡುವ ಮನಸ್ಸಿರುವವರು ಸಂಸ್ಕೃತವನ್ನೇ ಮೊದಲು ಹಿಡಿದರೆ ನಷ್ಟ ಇಲ್ಲ. ಅರುವತ್ತರಲ್ಲಿ ಶುರು ಮಾಡುವವರಿಗೆ, ಬರೀ ಓದಿನ ಸುಖಕ್ಕಾದರೆ, ನಾನು ಮೊದಲು ಇದನ್ನು ಹೇಳಲಾರೆ.

ತುಳು ಲಿಪಿ, ಅಂದರೆ ತಿಗಳಾರಿ

ಈಗ ಎಲ್ಲರಿಗೂ ಆಸಕ್ತಿ ಇರುವುದು ಇದರಲ್ಲಿ. 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡಿಗೂ, ಅಂದರೆ ಕಂಪ್ಯೂಟರಿನ ಅಕ್ಷರಗಳ ಪಟ್ಟಿಗೂ, ಸೇರಿತು. ತುಳು ಲಿಪಿ ಎನ್ನಬೇಕೋ ತಿಗಳಾರಿ ಎನ್ನಬೇಕೋ ಎಂಬ ಜಗಳ ಒಂದು ಕಡೆ ನಡೆಯಲಿ. ಯೂನಿಕೋಡಿನವರು ಎರಡೂ ಹೆಸರು ಸೇರಿಸಿ ಇಟ್ಟುಬಿಟ್ಟಿದ್ದಾರೆ. ಓಲೆ ಓದುವವನಿಗೆ ಎರಡೂ ಒಂದೇ.

ಮಲಯಾಳ ಓದಲು ಬರುವವರಿಗೆ ಇದು ಸುಲಭ. ಎರಡೂ ದಕ್ಷಿಣದಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ‘ಗ್ರಂಥ’ ಎಂಬ ಲಿಪಿಯಿಂದ ಬಂದವು, ಎಷ್ಟೋ ಅಕ್ಷರ ನೋಡಿದ ಕೂಡಲೇ ಗುರುತು ಸಿಗುತ್ತದೆ. ಏತ್ವದ ಚಿಹ್ನೆ ಅಕ್ಷರದ ಎಡಕ್ಕೆ ಬರುವುದೂ ಮಲಯಾಳದ ಹಾಗೆಯೇ. ಮಂಗಳೂರಿನ ಆಚೆಯವರು ತಿಂಗಳುಗಟ್ಟಲೆ ತೆಗೆದುಕೊಳ್ಳುವುದನ್ನು ಕಾಸರಗೋಡಿನ ಮಕ್ಕಳು ಬೇಗ ಹಿಡಿಯುತ್ತಾರೆ.

ಆದರೆ ಸೇರುವ ಮೊದಲು ಎರಡು ವಿಷಯ ತಿಳಿದುಕೊಳ್ಳಿ. ಒಂದು, ಇಂದು ಬೋರ್ಡುಗಳಲ್ಲಿ, ಶಿಬಿರಗಳಲ್ಲಿ ಕಾಣುವ ತುಳು ಲಿಪಿ ಇಂದಿನ ಬಳಕೆಗೆಂದು ಒಪ್ಪ ಮಾಡಿದ್ದು. ಓಲೆಯಲ್ಲಿರುವುದು ಬೇರೆ ಬೇರೆ ಕೈಬರಹ. ಒತ್ತಕ್ಷರಗಳು ಒಂದರೊಳಗೊಂದು ಹೊಕ್ಕಿರುತ್ತವೆ, ಪದಗಳ ನಡುವೆ ಜಾಗ ಇರುವುದಿಲ್ಲ, ಏಕಾರ ಓಕಾರದಲ್ಲಿ ಹ್ರಸ್ವ ದೀರ್ಘ ತಿಳಿಯುವುದಿಲ್ಲ. ಶಿಬಿರದಲ್ಲಿ ಹೆಸರು ಬರೆಯಲು ಕಲಿತವರು ಓಲೆ ಓದುವುದಕ್ಕೆ ಇನ್ನೂ ದೂರ ಹೋಗಬೇಕು.

ಎರಡನೆಯದು ಇನ್ನೂ ಮುಖ್ಯ. ಈ ಲಿಪಿಯ ಓಲೆಗಳಲ್ಲಿ ಬಹುಪಾಲು ಇರುವುದು ಸಂಸ್ಕೃತ. ವೇದ, ಪ್ರಯೋಗ (ಪೂಜೆ, ಕರ್ಮ ಮಾಡುವ ಕ್ರಮ), ತಂತ್ರ, ಜ್ಯೋತಿಷ, ಪುರಾಣ. ತುಳು ಭಾಷೆಯ ಹಳೆಯ ಕಾವ್ಯಗಳು ಬೆರಳೆಣಿಕೆಯಷ್ಟೇ. ಅವು ಬೆಳಕಿಗೆ ಬಂದದ್ದರಲ್ಲಿ ನಮ್ಮ ಜಿಲ್ಲೆಯ ಪುಂಡೂರಿನ ವೆಂಕಟರಾಜ ಪುಣಿಂಚತ್ತಾಯರ ದುಡಿಮೆ ದೊಡ್ಡದು. ವಿಷ್ಣುತುಂಗನ ‘ಶ್ರೀ ಭಾಗವತೊ’ವನ್ನು ಓಲೆಯಿಂದ ಅಚ್ಚಿಗೆ ತಂದವರು ಅವರೇ. ಹಾಗಾಗಿ ‘ತುಳು ಲಿಪಿ ಕಲಿತರೆ ತುಳು ಸಾಹಿತ್ಯದ ಭಂಡಾರ ಸಿಗುತ್ತದೆ’ ಎಂದು ಹೊರಟವರಿಗೆ ನಿರಾಸೆ ಆಗಬಹುದು. ಸಂಸ್ಕೃತ ಬರದಿದ್ದರೆ ಅಕ್ಷರ ಓದಿದರೂ ಏನು ಓದಿದಿರಿ ಎಂದು ತಿಳಿಯುವುದಿಲ್ಲ.

ಮನೆಯಲ್ಲಿ ಓಲೆಕಟ್ಟು ಇರುವವರಿಗೆ ಲೆಕ್ಕ ಬೇರೆ. ಮೊದಲು ಅದು ಯಾವ ಲಿಪಿ, ಯಾವ ಭಾಷೆ ಎಂದು ಗೊತ್ತು ಮಾಡಿಕೊಳ್ಳಿ. ಯಕ್ಷಗಾನ ಪ್ರಸಂಗ, ಮನೆಯ ಲೆಕ್ಕಪತ್ರ ಕನ್ನಡ ಅಕ್ಷರದಲ್ಲೇ ಇರಬಹುದು. ಆಗ ತಿಗಳಾರಿ ಕಲಿತು ಪ್ರಯೋಜನ ಇಲ್ಲ. ಎರಡು ಮೂರು ಗರಿಯ ಫೋಟೋ ತೆಗೆದು ಬಲ್ಲವರಿಗೆ ಕಳಿಸಿದರೆ ಸಾಕು. ಫೋಟೋ ತೆಗೆಯುವಾಗ ಟಾರ್ಚನ್ನು ಒಂದು ಬದಿಯಿಂದ ಹಿಡಿಯಿರಿ. ಮಸಿ ಹೋಗಿದ್ದರೂ ಕಂಟದಿಂದ, ಅಂದರೆ ಓಲೆ ಬರೆಯುವ ಕಬ್ಬಿಣದ ಕಡ್ಡಿಯಿಂದ, ಕೊರೆದ ಗೆರೆ ನೆರಳಿನಲ್ಲಿ ಎದ್ದು ಕಾಣುತ್ತದೆ. ಒದ್ದೆ ಬಟ್ಟೆಯಿಂದ ಒರೆಸಬೇಡಿ, ತೆಂಗಿನೆಣ್ಣೆ ಹಚ್ಚಬೇಡಿ, ಅಂಟಿಕೊಂಡ ಗರಿಗಳನ್ನು ಎಳೆದು ಬಿಡಿಸಬೇಡಿ. ಕಟ್ಟಿದ ದಾರ ಬಿಚ್ಚಿದರೆ ಗರಿಗಳ ಕ್ರಮ ತಪ್ಪಲೇಬಾರದು.

ಶಾಸನ

ಊರಿನ ಚರಿತ್ರೆಯ ಹುಚ್ಚು ಇರುವವರಿಗೆ ಇದು. ಓಡಾಟ ಇಷ್ಟ ಇರಬೇಕು, ಬಿಸಿಲಿಗೆ ಬೇಸರ ಪಡಬಾರದು.

ಸಾಮಾನ್ಯವಾಗಿ ಜನ ಅಶೋಕನ ಕಾಲದ ಬ್ರಾಹ್ಮಿ ಲಿಪಿಯಿಂದ ಶುರು ಮಾಡುತ್ತಾರೆ. ಅಕ್ಷರಮಾಲೆ ಸಣ್ಣದು, ಗೆರೆಗಳು ಸರಳ, ಒಂದೆರಡು ವಾರದಲ್ಲಿ ಬರುತ್ತದೆ. 1837ರಲ್ಲಿ ಪ್ರಿನ್ಸೆಪ್ ಅದನ್ನು ಬಿಡಿಸಿದ ಕತೆಯೂ ರೋಚಕ. ಆದರೆ ಅಶೋಕನ ಶಾಸನದ ಭಾಷೆ ಪ್ರಾಕೃತ, ಅದೂ ಕಾಸರಗೋಡಿನಿಂದ ಬಲು ದೂರದ ಮಸ್ಕಿಯಲ್ಲೋ ಬ್ರಹ್ಮಗಿರಿಯಲ್ಲೋ ಇರುವುದು. ಕಲಿತದ್ದನ್ನು ಊರಲ್ಲಿ ಓದಿ ನೋಡಲು ಕಲ್ಲೇ ಇಲ್ಲ. ಇಲ್ಲೂ ನನ್ನ ಸಲಹೆ ಹಿಂದಕ್ಕೆ ನಡೆಯುವುದು. ಇಂದಿನ ಕನ್ನಡ ಲಿಪಿಗೆ ಹತ್ತಿರವಾದ ವಿಜಯನಗರ ಕಾಲದ ಶಾಸನ ಮೊದಲು. ಅಲ್ಲಿಂದ ಹೊಯ್ಸಳ, ಕಲ್ಯಾಣ ಚಾಲುಕ್ಯ, ರಾಷ್ಟ್ರಕೂಟ, ಕದಂಬ. 5ನೇ ಶತಮಾನದ ಹಲ್ಮಿಡಿಯ 16 ಸಾಲು ಕೊನೆಯ ಮೆಟ್ಟಿಲು.

ಭಾಷೆ ಅಷ್ಟು ಕಷ್ಟವಿಲ್ಲ. ದಾನಶಾಸನಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚು. ಸ್ವಸ್ತಿ, ಶಕವರ್ಷ, ಸಂವತ್ಸರ, ರಾಜನ ಬಿರುದು, ಕೊಟ್ಟ ಭೂಮಿಯ ಗಡಿ, ಕೊನೆಗೆ ‘ಸ್ವದತ್ತಾಂ ಪರದತ್ತಾಂ ವಾ’ ಎಂಬ ಶಾಪದ ಶ್ಲೋಕ. ಶಕವರ್ಷಕ್ಕೆ 78 ಸೇರಿಸಿದರೆ ಇಸವಿ. ಈ ಅಚ್ಚು ಗೊತ್ತಿದ್ದರೆ ಸವೆದ ಅಕ್ಷರವನ್ನೂ ಊಹಿಸಬಹುದು. ಆ ಊಹೆಯೇ ಅಪಾಯ ಕೂಡ. ಇಲ್ಲದ್ದನ್ನು ಓದಿ, ತಮ್ಮ ದೇವಸ್ಥಾನ ಸಾವಿರ ವರ್ಷ ಹಳತು ಎಂದು ಪೇಪರಿಗೆ ಕೊಡುವವರಿದ್ದಾರೆ.

ಪುಸ್ತಕದ ವಿಷಯದಲ್ಲಿ ಒಂದು ಗುಟ್ಟು ಗೊತ್ತಿರಬೇಕು. ಕರ್ನಾಟಕದವರು ‘ಎಪಿಗ್ರಾಫಿಯಾ ಕರ್ನಾಟಿಕ’ ನೋಡಿ ಎನ್ನುತ್ತಾರೆ. ರೈಸ್ 1886ರಲ್ಲಿ ಶುರು ಮಾಡಿದ ಆ ಸಂಪುಟಗಳು ಹಳೆ ಮೈಸೂರು ಸಂಸ್ಥಾನಕ್ಕೆ, ಕೊಡಗಿಗೆ ಸೇರಿದವು. 1956ರವರೆಗೆ ನಾವು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯವರು. ನಮ್ಮ ಕಡೆಯ ಶಾಸನ ಹುಡುಕಬೇಕಾದದ್ದು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಸಂಪುಟಗಳಲ್ಲಿ, ಮುಖ್ಯವಾಗಿ 7ನೆಯದರಲ್ಲಿ, ಮತ್ತು ಮದ್ರಾಸಿನ ವಾರ್ಷಿಕ ವರದಿಗಳಲ್ಲಿ. ಇವೆಲ್ಲ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಇವೆ.

ಕಲ್ಲುಗಳೂ ಇಲ್ಲಿ ಒಂದೇ ಬಗೆಯವಲ್ಲ. ತಳಂಗೆರೆಯದು ಕನ್ನಡ ಶಾಸನ. ಕುಂಬಳೆ ಹತ್ತಿರದ ಅನಂತಪುರದಲ್ಲಿ ತುಳು. ಚಂದ್ರಗಿರಿ ಹೊಳೆ ದಾಟಿ ಕಾಞಂಗಾಡಿನ ಹತ್ತಿರ ಪುಲ್ಲೂರು ಕೊಡವಲಕ್ಕೆ ಹೋದರೆ ಚೇರರ ಭಾಸ್ಕರ ರವಿಯ 11ನೇ ಶತಮಾನದ ಶಾಸನ, ಅದು ಹಿಂದೆ ತಮಿಳು, ಮಲಯಾಳ ಬರೆಯುತ್ತಿದ್ದ ವಟ್ಟೆಳುತ್ತು ಲಿಪಿಯಲ್ಲಿ. ಒಂದು ದಿನದ ಬಸ್ ಪ್ರಯಾಣದಲ್ಲಿ ಮೂರು ಬರವಣಿಗೆ. ಇದು ಸೊಗಸೂ ಹೌದು, ತಲೆನೋವೂ ಹೌದು. ಮೊದಲ ವರ್ಷ ಕನ್ನಡ ಲಿಪಿಯ ಕಲ್ಲು ಬಿಟ್ಟು ಬೇರೆ ಕಡೆ ಕಣ್ಣು ಹಾಕಬೇಡಿ.

ಕಲ್ಲಿಗೆ ಚಾಕ್ ಬಳಿಯುವುದು, ತಂತಿ ಬ್ರಷ್ಷಿನಿಂದ ಉಜ್ಜುವುದು ಬೇಡ. ಸಂಜೆಯ ಓರೆ ಬೆಳಕಿನಲ್ಲಿ ಫೋನ್ ಸಾಕು. ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ಎಲ್ಲರಿಗೂ ನೋಡಲು ಇಟ್ಟಿದೆ. ಮನೆಯಲ್ಲೇ ಕೂತು ಅಕ್ಷರ ಗುರುತಿಸುವ ಅಭ್ಯಾಸಕ್ಕೆ ಅದು ಒಳ್ಳೆಯದು. ತಿದ್ದುವವರ ವಿಷಯಕ್ಕೆ ಬಂದರೆ ಇದು ಹಿಂದೆ. ಜಿಲ್ಲೆಯಲ್ಲಿ ಶಾಸನ ಬಲ್ಲವರು ಕೆಲವೇ ಮಂದಿ. ಕೇಂದ್ರ ಪುರಾತತ್ತ್ವ ಇಲಾಖೆಯ ಶಾಸನ ವಿಭಾಗ ಇರುವುದು ಮೈಸೂರಿನಲ್ಲಿ. ಕೆಲಸ ಸಿಗುವುದೂ ಅಂಥ ಒಂದೆರಡು ಕಡೆ ಮಾತ್ರ. ಹೊಟ್ಟೆಪಾಡಿಗೆ ಬೇರೆ ದಾರಿ ಇಟ್ಟುಕೊಂಡೇ ಶಾಸನಕ್ಕೆ ಇಳಿಯಿರಿ.

ಸಂಗಂ ತಮಿಳು

ಸಂಗಂ ಎಂದರೆ ತಮಿಳಿನ ಅತಿ ಹಳೆಯ ಕಾವ್ಯ. ಇದನ್ನು ಕೇಳುವವರು ಕಡಿಮೆ. ಆದರೂ ಮಲಯಾಳ ಚೆನ್ನಾಗಿ ಬಲ್ಲವರು ಒಮ್ಮೆ ಯೋಚಿಸಿ. ಅದರಲ್ಲಿ ಅಗನಾನೂರು ಎಂಬ ಸಂಗ್ರಹದ 15ನೇ ಪದ್ಯದಲ್ಲಿ ತುಳುನಾಡಿನ ಹೆಸರೇ ಇದೆ. ನನ್ನನ್ ಎಂಬ ಅರಸನ ಏಳಿಮಲೆ ಪಯ್ಯನ್ನೂರಿನ ಪಕ್ಕದ ಬೆಟ್ಟ. ಇಂಟರ್‌ನೆಟ್ಟಿನ ಪ್ರಾಜೆಕ್ಟ್ ಮದುರೈ ಎಂಬ ಸಂಗ್ರಹದಲ್ಲಿ ಮೂಲ ಪುಕ್ಕಟೆ ಸಿಗುತ್ತದೆ. ತೊಂದರೆ ಒಂದೇ, ಕನ್ನಡದ ಮೂಲಕ ಇದನ್ನು ಕಲಿಸುವವರು ಹತ್ತಿರದಲ್ಲಿಲ್ಲ. ಎರಡನೆಯ ಆಯ್ಕೆಯಾಗಿ ಚೆಂದ, ಮೊದಲನೆಯದಾಗಿ ಬೇಡ.

ಎರಡನ್ನು ಜೊತೆಗೆ ಕಲಿಯಬಹುದೇ?

ಕೆಲವು ಜೋಡಿ ಹೊಂದುತ್ತವೆ. ಹಳಗನ್ನಡದ ಜೊತೆ ಸ್ವಲ್ಪ ಸಂಸ್ಕೃತ ಒಳ್ಳೆಯ ಜೋಡಿ. ದಿನಕ್ಕೆ ಅರ್ಧ ಗಂಟೆಯವರು ವಾರದಲ್ಲಿ ಐದು ದಿನ ಕಾವ್ಯಕ್ಕೆ, ಎರಡು ದಿನ ಸಂಧಿ ಸಮಾಸಕ್ಕೆ ಕೊಡಲಿ. ಸಂಸ್ಕೃತ ಆಗಲೇ ಬರುವ ಭಟ್ಟರಿಗೆ, ಪಂಡಿತರಿಗೆ ತಿಗಳಾರಿಯಷ್ಟು ಲಾಭದ ಆಯ್ಕೆ ಇನ್ನೊಂದಿಲ್ಲ. ಬರೀ ಲಿಪಿ ಕಲಿತರೆ ಸಾಕು, ಮನೆಮನೆಯ ಓಲೆ ಅವರಿಗೆ ತೆರೆಯುತ್ತದೆ. ತಿಗಳಾರಿ ಮತ್ತು ಶಾಸನ ಎರಡನ್ನೂ ಒಟ್ಟಿಗೆ ಹಿಡಿಯುವುದು ಬೇಡ. ಎರಡು ಲಿಪಿ ಒಂದೇ ಸಲ ಕಲಿತರೆ ಅಕ್ಷರ ಅದಲುಬದಲಾಗುತ್ತದೆ.

ಪೆನ್ಶನ್ ಆದ ಮಾಸ್ಟ್ರುಗಳಿಗೆ ಹಣ, ಸಮಯ ಎರಡೂ ಇರುತ್ತದೆ, ಕಣ್ಣು ಮಾತ್ರ ಮೊದಲಿನಂತಿಲ್ಲ. ಓಲೆ, ಕಲ್ಲಿಗಿಂತ ಅಚ್ಚಿನ ಕಾವ್ಯ ಅವರಿಗೆ ಹಿತ. ಆಗೊಮ್ಮೆ ಈಗೊಮ್ಮೆ ಉಡುಪಿಗೆ ಹೋಗಿ ಬರಲಿ. ಮಂಜೇಶ್ವರದ ಗೋವಿಂದ ಪೈಗಳ ಪುಸ್ತಕ ಸಂಗ್ರಹ ಎಂ.ಜಿ.ಎಂ. ಕಾಲೇಜಿನ ಸಂಶೋಧನ ಕೇಂದ್ರದಲ್ಲಿದೆ. ಯಾವ ವಿಶ್ವವಿದ್ಯಾಲಯದ ನೌಕರಿಯೂ ಇಲ್ಲದೆ, ಮಂಜೇಶ್ವರದ ಮನೆಯಲ್ಲಿ ಕೂತು, ಗ್ರೀಕ್ ಪ್ರಹಸನದಲ್ಲಿ ಕನ್ನಡ ಇದೆಯೋ ಎಂಬ ಚರ್ಚೆಯವರೆಗೆ ಹೋದವರು ಅವರು.

ಪ್ಲಸ್ ಟೂ ಮಕ್ಕಳು ಕೆಲವರು ಸಿಂಧೂ ಲಿಪಿ ಬಿಡಿಸಬೇಕು ಎನ್ನುತ್ತಾರೆ. ಆಸೆ ಒಳ್ಳೆಯದೇ. ಆದರೆ ಅಲ್ಲಿ ಸಿಕ್ಕಿರುವುದು ಸುಮಾರು 400 ಚಿಹ್ನೆ, ಒಂದೊಂದು ಬರಹದಲ್ಲಿ ಸರಾಸರಿ ಐದು ಚಿಹ್ನೆ, ಎರಡು ಭಾಷೆಯಲ್ಲಿ ಬರೆದ ಒಂದು ಫಲಕವೂ ಇಲ್ಲ. ಅವರಿಗೆ ನಾನು ಹೇಳುವುದು, ಈಗ ಪ್ಲಸ್ ಟೂದಲ್ಲಿ ಸಂಸ್ಕೃತವೋ ಕನ್ನಡವೋ ಯಾವುದಿದೆಯೋ ಅದನ್ನು ಗಟ್ಟಿ ಮಾಡಿಕೊಳ್ಳಿ, ಡಿಗ್ರಿಗೆ ಚರಿತ್ರೆ ಅಥವಾ ಭಾಷೆ ತೆಗೆದುಕೊಳ್ಳಿ, ರಜೆಯಲ್ಲಿ ಒಂದು ವಿಜಯನಗರ ಕಾಲದ ಕಲ್ಲನ್ನು ಪೂರ್ತಿ ಓದಿ ಯಾರಿಗಾದರೂ ತೋರಿಸಿ. ಸಿಂಧೂ ಲಿಪಿಗೆ ಆಮೇಲೂ ಸಮಯ ಇದೆ.